ತೊಲೆಯ ಕೂಗು

ಜನವರಿ 18, ಶನಿವಾರ

ಇವತ್ತೂ ದಿಂಡಿಗಲ್. ಮರದ ಡಿಪೋದಲ್ಲಿ ನಿಂತು ನಿಂತು ನನ್ನ ಕಾಲೂ ಮರಗಟ್ಟಿತು. ಒಡೆದ ಹಳೇ ಮನೆಗಳ ತೇಗ — ಕಂಬ, ತೊಲೆ, ಬಾಗಿಲ ಚೌಕಟ್ಟು, ಎಲ್ಲ ಒಂದರ ಮೇಲೊಂದು. ಮಾಲೀಕ ಪ್ರತಿ ತುಂಡಿಗೂ "ಬರ್ಮಾ ತೇಕ್ಕು ಮೇಡಂ" ಅಂತಾನೆ. ಅವನ ಮಾತು ನಂಬಿದರೆ ಬರ್ಮಾದಲ್ಲಿ ಈಗ ಒಂದು ಕಡ್ಡಿಯೂ ಉಳಿದಿರಲಾರದು.

ದೊಡ್ಡ ತೊಲೆ ಸಿಕ್ಕಿತು, ಅದೇ ಸಮಾಧಾನ. ಬಿರುಕಿಲ್ಲ, ಹುಳ ಇಲ್ಲ. ಸುತ್ತಿಗೆಯಲ್ಲಿ ತಟ್ಟಿದರೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ದನಿ. ಬಾಲ ಆ ತುದಿಗೆ ಕಿವಿಯಿಟ್ಟು ಮಲಗಿ "ಹಲೋ ಅಕ್ಕಾ, ಕೇಕ್ಕುದಾ?" ಅಂತ ಕೇಳಿದ. ಕೇಳಿಸುತ್ತಾ ಅಂತ. ನನ್ನ ತಮ್ಮ, ಶಿವಬಾಲನ್. ಮದುವೆಯಾಗಿ ವರ್ಷ ಆಯಿತು, ಬುದ್ಧಿ ಇನ್ನೂ ಆರನೇ ಕ್ಲಾಸು.

ಕಟ್ಟುವುದು ಚಾವಡಿ. ಪೆರಿಯಕುಳಂ ಹತ್ತಿರದ ನಮ್ಮ ಮಾವಿನ ತೋಪಿನ ನಟ್ಟ ನಡುವೆ. ಗೋಡೆ ಇಲ್ಲ, ಕಾಂಕ್ರೀಟ್ ಇಲ್ಲ. ಪೂರ್ತಿ ಮರದ ಚೌಕಟ್ಟು, ಮೇಲೆ ಹೆಂಚು. ಕಾಯಿ ಕೀಳುವ ಕಾಲದಲ್ಲಿ ಮಾವು ವಿಂಗಡಿಸಲು, ಉಳಿದ ತಿಂಗಳು ಮದುವೆ ಗಿದುವೆಗೆ. ಯೋಚನೆ ಬಾಲನದು, ಡ್ರಾಯಿಂಗ್ ನನ್ನದು, ತೋಪು ಅಪ್ಪನದು. ಹಾಗಾಗಿ ಜಗಳ ಮೂವರದೂ.

ಇದನ್ನೆಲ್ಲ ಕನ್ನಡದಲ್ಲಿ ಬರೆಯುವುದು ಯಾಕೆಂದರೆ, ಮನೆಯಲ್ಲಿ ಎಲ್ಲರಿಗೂ ಕನ್ನಡ ಮಾತು ಬರುತ್ತದೆ (ಬಾಲ ಮಾತ್ರ ಈಗೀಗ ತಮಿಳಲ್ಲೇ ಉತ್ತರ ಕೊಡುತ್ತಾನೆ), ಒಬ್ಬರಿಗೂ ಓದಲು ಬರಲ್ಲ. ನನಗೂ ಮೈಸೂರಿನ ಹಾಸ್ಟೆಲ್‌ಗೆ ಹೋಗದಿದ್ದರೆ ಬರುತ್ತಿರಲಿಲ್ಲ. ಡೈರಿಗೆ ಬೀಗ ಹಾಕುವ ಕೆಲಸ ತಪ್ಪಿತು.

ಜನವರಿ 23, ಗುರುವಾರ

ಬಡಗಿ ಮಣಿಕಂಡನ್ ಆಸಾರಿ ಕೂಡು ಕೊರೆಯಲು ಶುರು ಮಾಡಿದ್ದಾರೆ. ಕಂಬದ ತಲೆಯಲ್ಲಿ ನಾಲಿಗೆ, ತೊಲೆಯ ಹೊಟ್ಟೆಯಲ್ಲಿ ಬಾಯಿ. ನಾಲಿಗೆ ಬಾಯಿಗೆ ಕೂತ ಮೇಲೆ ಅಡ್ಡಲಾಗಿ ಮರದ ಗೂಟ. ಮೊಳೆ ಒಂದೂ ಇಲ್ಲ. ನೆಲದ ಮೇಲೇ ಒಂದು ಜೋಡಿ ಕೂಡಿಸಿ ನೋಡಿದೆವು, ಕೂದಲೆಳೆ ಸಂದಿಲ್ಲದೆ ಕೂತಿತು. ಖುಷಿಗೆ ಎಲ್ಲರಿಗೂ ಬಜ್ಜಿ ತರಿಸಿದೆ.

ಎತ್ತುವುದು ಹೇಗೆ ಅನ್ನುವುದೇ ತಲೆನೋವು. ಕ್ರೇನ್ ಬರಬೇಕಾದರೆ ದಾರಿಯ ಮೂರು ಮರದ ಕೊಂಬೆ ಕಡಿಯಬೇಕು. ಅಪ್ಪ "ಊ ಬಿಟ್ಟಿರೋ ಕೊಂಬೆಗೆ ಕತ್ತಿ ಆಕಾಕೆ ನಾನ್ ಬಿಡೋದಿಲ್ಲ" ಅಂತ ಹೇಳಿ ಎದ್ದು ಹೋದರು. ಅಲ್ಲಿಗೆ ಮುಗಿಯಿತು. ಅಯ್ಯನಾರ್ ಅಂತ ದೇವರ ಹೆಸರಿಟ್ಟಿದ್ದಕ್ಕೆ ಈ ಮನುಷ್ಯ ದೇವರ ಹಾಗೇ ಕಲ್ಲಾಗಿ ಕೂರುತ್ತಾರೆ.

ಸರಿ, ಹಗ್ಗ ಮತ್ತು ರಾಟೆ. ಆಸಾರಿ ಹೇಳಿದ ಜನವೇ ಬರಲಿ. ದಿಂಡಿಗಲ್‌ನ ಮಾಯಾಂಡಿಯಣ್ಣ ಮತ್ತು ಅವರ ಕಡೆಯ ಆಳುಗಳು. ಡಿಪೋಗಳಲ್ಲಿ ದೊಡ್ಡ ಮರ ಇಳಿಸುವುದು, ಏರಿಸುವುದು ಅವರದೇ ಕೆಲಸ. ಇವತ್ತು ಬಂದು ಜಾಗ ನೋಡಿ ಹೋದರು. ಮಾತು ಕಮ್ಮಿ, ತಂಬಾಕು ಜಾಸ್ತಿ.

ಜನವರಿ 30, ಗುರುವಾರ

ಜಗಳ. ದೊಡ್ಡದೇ.

ಎತ್ತುವ ದಿನ ಒಬ್ಬರ ಮಾತು ಮಾತ್ರ ನಡೆಯಬೇಕು ಅಂದೆ ನಾನು. ಹಗ್ಗ ಹಿಡಿದವರು ಮೇಲೆ ನೋಡಬಾರದು, ಪಕ್ಕಕ್ಕೆ ನೋಡಬಾರದು. ಒಂದೇ ದನಿ ಕೇಳಬೇಕು, ಅದು ಹೇಳಿದ ಹಾಗೆ ಮಾಡಬೇಕು. ನಾನು ಕೆಲಸ ಮಾಡಿದ ಕಡೆಯಲ್ಲೆಲ್ಲ ಅದೇ ರೂಲ್. ಎಲ್ಲರೂ ಒಪ್ಪಿದರು. ಮಾಯಾಂಡಿಯಣ್ಣ "ಸರಿ ಮೇಡಂ, ನಾನು ಹಗ್ಗದ ತಲೆಯಲ್ಲಿ ಇರ್ತೀನಿ, ಕೂಗೋದು ಯಾರು?" ಅಂತ ತಮಿಳಲ್ಲಿ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ನಾನ್ ತಾನ್."

ಮನೆ ಪದ್ಧತಿಯಂತೆ. ಮನೆಯ ಕಂಬ, ತೊಲೆ ಏರುವಾಗ ಯಜಮಾನನೇ ಕೂಗು ಕೊಡಬೇಕಂತೆ. ಕಂಬಂ ಊರಿನ ಕಡೆ ಹಳೇ ಮನೆ ಕಟ್ಟಿದಾಗ ಅಜ್ಜ ಕೂಗಿದ್ದರು, ಅವರಪ್ಪನೂ ಕೂಗಿದ್ದರು.

"ಅಪ್ಪಾ, ಇದು ಚಾವಡಿ. ಮನೆ ಅಲ್ಲ."

"ತೊಲೆ ಇಲ್ವಾ ಅದಕ್ಕೆ?"

"ಇದೆ."

"ಮತ್ತೆ? ನಾನ್ ಇರ್ವಾಗ ಬೇರೆಯವ್ನ್ ಎಂಗೆ ಕೂಗ್ತಾನ ತಾಯಿ? ನಾನ್ ಸತ್ತೋಗಿದೀನಾ?"

ಇದಕ್ಕೆ ಯಾವ ಇಂಜಿನಿಯರ್ ಉತ್ತರ ಕೊಡುತ್ತಾಳೆ? ಅವ್ವ ಒಳಗಿಂದ "ಬಿಡು ಕಣೆ, ಅವ್ರ ದನಿ ದಿಂಡಿಗಲ್‌ವರೆಗೆ ಕೇಳ್ತದೆ" ಅಂದಳು. ಅದೂ ನಿಜ. ದನಿ ಗಟ್ಟಿ, ಕಣ್ಣು ಚೆನ್ನಾಗಿದೆ, ಭಯ ಅಂದರೇನೆಂದು ಗೊತ್ತಿಲ್ಲ. ಒಪ್ಪಿದೆ. ರೂಲ್ ನನ್ನದು, ಕೂಗು ಅವರದು.

ಆಳುಗಳಿಗೆಲ್ಲ ತಮಿಳಲ್ಲಿ ತಿಳಿಸಿ ಹೇಳಿದೆ. ಐಯಾ 'ಇಳು' ಅಂದರೆ ಎಳೆಯಿರಿ. 'ನಿಪ್ಪಾಟು' ಅಂದರೆ ನಿಲ್ಲಿಸಿ. ಬೇರೆ ಯಾರು ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡಿ, ನಾನು ಹೇಳಿದರೂ.

ಫೆಬ್ರವರಿ 4, ಮಂಗಳವಾರ

ಕಂಬಗಳು ನಿಂತವು! ಎಲ್ಲವೂ! ತೂಗುಗುಂಡು ಬಿಟ್ಟು ನೋಡಿದೆ, ಎಲ್ಲವೂ ನೆಟ್ಟಗೆ. ಅಪ್ಪ ಇಡೀ ದಿನ ಕಂಠ ಹರಿಯುವ ಹಾಗೆ "ಇಳೂ... ಇಳೂ... ನಿಪ್ಪಾಟು" ಅಂತ ಕೂಗಿ ಸಂಜೆಗೆ ಗಂಟಲು ಕಟ್ಟಿಸಿಕೊಂಡರು. ಅವ್ವ ಮೆಣಸಿನ ಕಷಾಯ ಕೊಟ್ಟಳು. ಕುಡಿದು "ನಾಳೆ ತೊಲೆ" ಅಂತ ಪಿಸುಗುಟ್ಟಿದರು, ಮುಖ ಮಾತ್ರ ಮದುಮಗನದು. ಬಾಲ ಅವರನ್ನು ಅಣಕಿಸುತ್ತ ಮನೆಯೆಲ್ಲ ಇಳೂ ಇಳೂ ಅಂತ ಸುತ್ತಿದ. ಹೆಂಡತಿ ಪಾಂಡೀಶ್ವರಿ ಅವನ ಬಾಯಿಗೆ ಲಡ್ಡು ತುರುಕಿ ಸುಮ್ಮನಾಗಿಸಿದಳು.

ನಾಳೆ ತೊಲೆ. ಪಡುವಣ ತುದಿಯನ್ನು ಮೊದಲು ಕೂರಿಸಿ, ಆಮೇಲೆ ಮೂಡಣ ತುದಿ. ಮೂಡಣ ಕಂಬದ ಸಾರುವೆ ಮೇಲೆ ಬಾಲ ಇರ್ತಾನೆ, ತೊಲೆಯ ತುದಿಗೆ ಕಟ್ಟಿದ ಸಣ್ಣ ಹಗ್ಗ ಹಿಡಿದು ಬಾಯಿಯನ್ನು ನಾಲಿಗೆಯ ನೇರಕ್ಕೆ ತರಲು. ಬೇರೆಯವರನ್ನು ಹತ್ತಿಸೋಣ ಅಂದೆ. "ನಮ್ಮ ಚಾವಡಿ ಅಕ್ಕಾ, ನಾನೇ" ಅಂದ. ಅಪ್ಪನ ಮಗ.

ಫೆಬ್ರವರಿ 5

ಬಾಲ

ಫೆಬ್ರವರಿ 6, ಗುರುವಾರ, ತೇನಿ, ಆಸ್ಪತ್ರೆ

ನಿನ್ನೆ ಬರೆಯಲು ಆಗಲಿಲ್ಲ. ಈಗಲೂ ಕೈ ಬರುತ್ತಿಲ್ಲ. ಬರೆಯದಿದ್ದರೆ ತಲೆ ಒಡೆಯುತ್ತದೆ.

ಬದುಕಿದ್ದಾನೆ. ಮೊದಲು ಅದನ್ನು ಬರೆದುಬಿಡುತ್ತೇನೆ. ಬದುಕಿದ್ದಾನೆ.

ಎಡಗಾಲು ಮಂಡಿಯ ಕೆಳಗೆ ತೆಗೆದರು. ಸೊಂಟದ ಮೂಳೆ ಒಡೆದಿದೆ. ಇನ್ನೊಂದು ಆಪರೇಷನ್ ಇದೆ. ನಿದ್ದೆಯ ಔಷಧದಲ್ಲಿ ಮಲಗಿಸಿದ್ದಾರೆ. ಬಾಯಲ್ಲಿ ನಳಿಗೆ.

ಹೇಗಾಯಿತು — ಬರೆಯುತ್ತೇನೆ. ಪಡುವಣ ತುದಿ ಕೂತಿತ್ತು. ಚೆನ್ನಾಗಿಯೇ ಕೂತಿತ್ತು, ನಾನೇ ನೋಡಿದ್ದೆ. ಮೂಡಣ ತುದಿ ಒಂದು ಗೇಣು ಮೇಲೇಳಬೇಕಿತ್ತು. ಅಪ್ಪ ಪಡುವಣ ಕಡೆ ನಿಂತಿದ್ದರು. ಆ ತುದಿಯ ಬಾಯಿ ನಾಲಿಗೆಯಿಂದ ಮೇಲೆದ್ದಿದ್ದು ಅವರೊಬ್ಬರಿಗೆ ಕಂಡಿತು. ತೊಲೆ ಜಾರುತ್ತದೆ ಅಂತ ಗೊತ್ತಾಗಿ ಕೂಗಿದರು. ಬಾಲನಿಗೆ ಕೂಗಿದರು — ಇಳಿ, ಇಳಿ. ನಾನು ಅಲ್ಲೇ ಇದ್ದೆ. ಕಿವಿಯಾರೆ ಕೇಳಿದೆ.

ಮತ್ತು ಹಗ್ಗ ಹಿಡಿದವರು ಎಳೆದರು. ಅಷ್ಟೂ ಜನ ಒಟ್ಟಿಗೆ, ಮೈಭಾರ ಬಿಟ್ಟು ಎಳೆದರು. ತೊಲೆ ಪಡುವಣ ಕಂಬದಿಂದ ಹಾರಿ ಬಾಲನ ಕಡೆಗೆ ಬೀಸಿಕೊಂಡು ಹೋಯಿತು. ಕಂಬಕ್ಕೂ ತೊಲೆಗೂ ನಡುವೆ ಅವನು. ಒಂದು ಶಬ್ದ ಬಂತು. ಅದನ್ನು ಬರೆಯಲ್ಲ.

ಯಾಕೆ ಎಳೆದರು? ಇಳಿ ಅಂತ ಕೂಗುತ್ತಿರುವಾಗ ಯಾಕೆ ಎಳೆದರು?

ಫೆಬ್ರವರಿ 7, ಶುಕ್ರವಾರ

ಅಪ್ಪ ಠಾಣೆಗೆ ಹೋಗಿ ಮಾಯಾಂಡಿಯ ಮೇಲೆ ಕಂಪ್ಲೇಂಟ್ ಕೊಟ್ಟರು. ನನ್ನನ್ನೂ ಕರೆಸಿದರು. ನಾನು ಕೇಳಿದ್ದನ್ನು ಹೇಳಿದೆ. ಅಪ್ಪ ಇಳಿಯಲು ಹೇಳಿದರು, ಇವರು ಎಳೆದರು. ಸಹಿ ಹಾಕಿದೆ.

ಮಾಯಾಂಡಿ ಅಲ್ಲೇ ಬೆಂಚಿನ ಮೇಲಿದ್ದ. ನನ್ನನ್ನು ನೋಡಿ ಎದ್ದು ನಿಂತ. "ಮೇಡಂ, ಐಯಾ ಇಳುನ್ನು ತಾನೇ ಸೊನ್ನಾರು" ಅಂದ. ಐಯಾ ಎಳೆ ಅಂತಲೇ ತಾನೇ ಹೇಳಿದ್ದು ಅಂತ. ನನ್ನ ಮುಖಕ್ಕೇ ಸುಳ್ಳು. ಆ ಹೊತ್ತಿಗೆ ಕೈಯಲ್ಲಿ ಏನಾದರೂ ಇದ್ದಿದ್ದರೆ ಎಸೆದುಬಿಡುತ್ತಿದ್ದೆ. ಅಪ್ಪ ಎಸೆಯಲಿಲ್ಲ, ಉಗಿದರು. ಅವನ ಕಾಲ ಹತ್ತಿರ. ಹೀಗೆ ಅಪ್ಪ ಮಾಡಿದ್ದನ್ನು ಹುಟ್ಟಿದಾಗಿನಿಂದ ನೋಡಿಲ್ಲ.

"ನನ್ ಮಗನ್ ಕಾಲ್ ತಿಂದ್ಬುಟ್ಟು ಪೊಯ್ಯಿ ಏಳ್ತಾನ" ಅಂತ, ಸುಳ್ಳು ಹೇಳ್ತಾನೆ ಅಂತ, ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು. ನಾನು ಹೂಂ ಅಂದೆ. ಮನಸಾರೆ ಅಂದೆ.

ಫೆಬ್ರವರಿ 10, ಸೋಮವಾರ

ದೇವರೇ.

ಹೇಗೆ ಬರೆಯಲಿ? ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಬಾಲನನ್ನು ಎರಡನೇ ಆಪರೇಷನ್‌ಗೆ ಕರೆದೊಯ್ದರು. ನಾನು ಅವ್ವ ಇಬ್ಬರೂ ವರಾಂಡದಲ್ಲಿ. ಅವ್ವ ಊಟ ಬಿಟ್ಟು ಎಷ್ಟು ದಿನ ಆಯಿತೋ, ತಲೆ ಸುತ್ತುತ್ತೆ ಅಂದಳು. ಖಾಲಿ ಸ್ಟ್ರೆಚರ್ ಒಂದಿತ್ತು, ಅದರ ಮೇಲೆ ಕೂರಿಸಿದೆ. ಆಯಾ ಒಬ್ಬಳು ಇನ್ನೊಂದು ಸ್ಟ್ರೆಚರ್ ತಳ್ಳಿಕೊಂಡು ಬಂದಳು. ಬಾಗಿಲ ಹತ್ತಿರ ಚಕ್ರ ಸಿಕ್ಕಿಕೊಂಡಿತು. ಮುಂದೆ ಹಿಡಿದಿದ್ದ ಇನ್ನೊಬ್ಬ ಆಯಾಗೆ ಕೂಗಿದಳು — "ಇಳು! ಇಳುಡೀ!"

ಅವ್ವ ಸ್ಟ್ರೆಚರಿಂದ ಇಳಿದಳು.

ದಡಬಡ ಇಳಿದು, ಸೆರಗು ಸರಿಮಾಡಿಕೊಂಡು, ತಪ್ಪು ಮಾಡಿದವಳ ಹಾಗೆ ಗೋಡೆಗೆ ಒತ್ತಿ ನಿಂತಳು. ತನ್ನನ್ನೇ ಇಳಿ ಅಂದರು ಅಂದುಕೊಂಡು.

"ಯಾಕವ್ವ ಇಳಿದೆ?" ಅಂದೆ.

"ಇಳಿ ಅಂದ್ಳಲ್ಲಾ?"

"ಅವಳು ಎಳಿ ಅಂದಿದ್ದು. ತಮಿಳಲ್ಲಿ ಇಳು..."

ಅಷ್ಟೇ. ಅವ್ವ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ಒಂದೇ ಸಲ ಹೊಳೆಯಿತು. ಅವ್ವ ಮೆಲ್ಲಗೆ ನೆಲದ ಮೇಲೇ ಕೂತಳು.

ನಮ್ಮ ಎಳೆ ಅವರ ಇಳು. ನಮ್ಮ ಇಳಿ ಅವರ ಇರಂಗು. ಹುಟ್ಟಿದಾಗಿನಿಂದ ಎರಡನ್ನೂ ಒಂದೇ ಬಾಯಲ್ಲಿ ಆಡುತ್ತಿದ್ದೇವೆ, ಒಂದು ದಿನವೂ ಪಕ್ಕ ಪಕ್ಕ ಇಟ್ಟು ನೋಡಿರಲಿಲ್ಲ. ತಮಿಳಿನ ಇಳುವಿನಲ್ಲಿ ಆ ಕೊನೆಯ ಉಕಾರ ಅರ್ಧ ನುಂಗಿದ್ದು. ಕೂಗಿದಾಗ ಅದೂ ಇರುವುದಿಲ್ಲ. ಹಿಂದಿನ ದಿನ ಪೂರ್ತಿ ಅಪ್ಪ ಕೂಗಿದ್ದು ಅದೇ ದನಿಯಲ್ಲಿ, ಅದೇ ಜಾಗದಿಂದ. ಹಗ್ಗ ಹಿಡಿದವರು ಮೇಲೆ ನೋಡಬಾರದು, ಒಂದೇ ದನಿ ಕೇಳಬೇಕು ಅಂತ ಹೇಳಿದವಳು ನಾನು. ಅವರು ಹಾಗೇ ಮಾಡಿದರು. ಇಳ್ — ಅಂತ ಬಂತು. ಎಳೆದರು.

ಅಪ್ಪ ಮಗನಿಗೆ ಕನ್ನಡದಲ್ಲಿ ಕೂಗಿದರು. ಮಗನಿಗೆ ಇನ್ನು ಯಾವ ಭಾಷೆಯಲ್ಲಿ ಕೂಗುತ್ತಾರೆ? ಬಾಲಾ ಅಂತ ಒಂದು ಸಲ ಹೆಸರು ಸೇರಿಸಿದ್ದರೆ... ಸೇರಿಸಲಿಲ್ಲ.

ಅವ್ವ ನನ್ನ ಕೈ ಹಿಡಿದುಕೊಂಡು ಅಂದಳು, "ಅಪ್ಪನ್ಗೆ ಏಳ್ಬೇಡ ಗೋಮತಿ."

"ಮಾಯಾಂಡಿಯಣ್ಣನ ಗತಿ ಏನವ್ವ?"

"ತನ್ ಬಾಯೇ ಮಗನ್ ಕಾಲ್ ತೆಗೀತು ಅಂತ ಗೊತ್ತಾದ್ರೆ ಅವ್ರು ಉಳ್ಯಲ್ಲ. ನಾನ್ ಏಳ್ತೀನಿ ಕೇಳು, ಉಳ್ಯಲ್ಲ."

ಫೆಬ್ರವರಿ 11, ಮಂಗಳವಾರ

ಅಪ್ಪನಿಗೆ ತಿಳಿಯದ ಹಾಗೆ ಠಾಣೆಗೆ ಹೋದೆ. ಎಸ್‌.ಐ. ಚಿಕ್ಕ ವಯಸ್ಸಿನವರು, ತಿರುನೆಲ್ವೇಲಿ ಕಡೆಯವರು, ಒಳ್ಳೆಯ ಮನುಷ್ಯನೇ. ನನ್ನ ಸ್ಟೇಟ್‌ಮೆಂಟ್ ಬದಲಾಯಿಸಬೇಕು ಅಂದೆ. ಇಳಿ, ಇಳು ಎಲ್ಲ ವಿವರಿಸಿದೆ. ಅವರಿಗೆ ಮೊದಲು ನಗು ಬಂತು, ಆಮೇಲೆ ನನ್ನ ಮುಖ ನೋಡಿ ನಿಂತಿತು.

"ನೀವು ಮನೆಯಲ್ಲಿ ತಮಿಳು ಮಾತಾಡಲ್ವಾ?" ಅಂತ ಕೇಳಿದರು. ಇಲ್ಲ, ಕನ್ನಡ, ನಮ್ಮವರು ಈ ಕಣಿವೆಗೆ ಬಂದು ಎಷ್ಟೋ ತಲೆಮಾರು ಆಯಿತು ಅಂದೆ. "ಅಷ್ಟು ತಲೆಮಾರಾದರೂ?" ಅಂದರು.

ಕಡೆಗೆ ಹೇಳಿದ್ದು ಇಷ್ಟು: "ನೀವು ಹೇಳಿದರೆ ಸಾಲದಮ್ಮ. ಕೂಗಿದ್ದು ನಿಮ್ಮಪ್ಪ. ಅವರೇ ಬಂದು, ನಾನು ಕೂಗಿದ್ದು ಇವರಿಗೆ ಹೀಗೆ ಕೇಳಿಸಿರಬಹುದು ಅಂತ ಹೇಳಲಿ. ಅವರೋ, ಮಾಯಾಂಡಿ ಬೇಕೆಂದೇ ಎಳೆದ ಅಂತಿದ್ದಾರೆ. ಹಳೇ ದ್ವೇಷ ಏನಾದರೂ ಇದೆಯಾ ವಿಚಾರಿಸಿ ಅಂತ ನನಗೇ ಹೇಳಿ ಹೋಗಿದ್ದಾರೆ."

ಬೇಕೆಂದೇ! ಅಪ್ಪ ಇಷ್ಟು ದೂರ ಹೋಗಿದ್ದು ನನಗೆ ಗೊತ್ತಿರಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಮಾಯಾಂಡಿಯಣ್ಣ ಇದ್ದರು. ದಿನಾ ಬೆಳಿಗ್ಗೆ ಕರೆಸಿ ಸಂಜೆ ಬಿಡುತ್ತಾರಂತೆ. ಡಿಪೋದವರು ಯಾರೂ ಕೆಲಸಕ್ಕೆ ಕರೆಯುತ್ತಿಲ್ಲ. ಮನುಷ್ಯನ ಮೇಲೆ ಮರ ಬೀಳಿಸಿದವನು ಅಂತ ಹೆಸರಾಗಿದೆ. ಜೊತೆಯ ಆಳುಗಳು ಬೇರೆಯವರ ಕಡೆ ಹೋದರು. ಹೆಂಡತಿ ಮಾರಿಯಮ್ಮಾಳ್ ಊಟ ತಂದಿದ್ದಳು. ನನ್ನನ್ನು ಕಂಡ ಕೂಡಲೇ ಡಬ್ಬಿ ಮುಚ್ಚಿ ಮುಖ ತಿರುಗಿಸಿದಳು.

"ತಂಬಿ ಹೇಗಿದ್ದಾರೆ ಮೇಡಂ?" ಅಂತ ಕೇಳಿದರು ಮಾಯಾಂಡಿಯಣ್ಣ. ತಮ್ಮ ಹೇಗಿದ್ದಾನೆ ಅಂತ, ಅದೊಂದೇ ಕೇಳಿದ್ದು. ನಾಚಿಕೆಯಿಂದ ಸಾಯುವ ಹಾಗಾಯಿತು. ಇವರನ್ನು ನಾನು ಸುಳ್ಳ ಅಂದುಕೊಂಡೆ. ಇಲ್ಲಿ ಹಿಂದಿನ ಪುಟದಲ್ಲಿ 'ಅವನು' ಅಂತ ಬರೆದಿದ್ದೇನೆ.

ಫೆಬ್ರವರಿ 12, ಬುಧವಾರ

ಹೇಳಲು ಹೋದೆ. "ಅಪ್ಪಾ, ಮಾಯಾಂಡಿಯಣ್ಣ..." ಅಂದೆ. "ಅವ್ನ್ ಎಸ್ರು ಎತ್ಬೇಡ" ಅಂದರು. ಬಾಗಿಲಲ್ಲಿ ಅವ್ವ ನಿಂತಿದ್ದಳು. ವಾಪಸ್ ಬಂದೆ.

ಫೆಬ್ರವರಿ 17, ಸೋಮವಾರ

ಹೇಳಲಿಲ್ಲ. ಒಂದು ದಿನವೂ ಹೇಳಲಿಲ್ಲ.

ಅಪ್ಪ ಬಾಲನ ಹಾಸಿಗೆ ಪಕ್ಕ ಬಿಟ್ಟು ಏಳುವುದಿಲ್ಲ. ಬಟ್ಟೆ ಬದಲಿಸುವುದು, ಗಡ್ಡ ಕೆರೆಯುವುದು, ಎಲ್ಲ ಅವರೇ. ನರ್ಸುಗಳಿಗೆ ಇವರನ್ನು ಕಂಡರೆ ಭಯ. ಪಾಂಡೀಶ್ವರಿಗೂ ಜಾಗ ಬಿಡುವುದಿಲ್ಲ ಅಂತ ಅವಳಿಗೆ ಸಿಟ್ಟು, ಹೇಳಿಕೊಳ್ಳಲು ಬಾಯಿಲ್ಲ. ಅಪ್ಪ ಸಣ್ಣಗಾಗಿದ್ದಾರೆ. ಅಂಗಿಯೊಳಗೆ ಇನ್ನೊಬ್ಬರು ಹಿಡಿಸುತ್ತಾರೆ.

ಅವರನ್ನು ನೋಡಿದಾಗ ಅವ್ವ ಹೇಳಿದ್ದೇ ಸರಿ ಅನ್ನಿಸುತ್ತದೆ. ಮಾಯಾಂಡಿಯಣ್ಣ ಗಟ್ಟಿ ಮನುಷ್ಯ, ಹೇಗಾದರೂ ತಡೆದುಕೊಳ್ಳುತ್ತಾರೆ, ಕೇಸು ಎಷ್ಟು ದಿನ ನಡೆದೀತು, ನಾನೇ ವಕೀಲರನ್ನು ನೋಡಿದರಾಯಿತು... ಹೀಗೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆಮೇಲೆ ಮಾರಿಯಮ್ಮಾಳ್ ಡಬ್ಬಿ ಮುಚ್ಚಿದ್ದು ನೆನಪಾಗುತ್ತದೆ.

ತೊಲೆ ಇನ್ನೂ ಹಾಗೇ ತೋಪಿನಲ್ಲಿ ಬಿದ್ದಿದೆ. ಪೊಲೀಸರು ಮುಟ್ಟಬೇಡಿ ಅಂದಿದ್ದಾರೆ. ಯಾರಿಗೆ ಬೇಕು ಮುಟ್ಟಲು?

ಬಾಲ ನಿನ್ನೆಯಿಂದ ಕಣ್ಣು ಬಿಡುತ್ತಿದ್ದಾನೆ. ನಳಿಗೆ ತೆಗೆದಿದ್ದಾರೆ. ನೀರು ಕೇಳಿದ. ಕಾಲಿನ ವಿಷಯ ಪಾಂಡೀಶ್ವರಿಯೇ ಹೇಳಿದಳು, ನಮ್ಮನ್ನೆಲ್ಲ ಹೊರಗೆ ಕಳಿಸಿ.

ಫೆಬ್ರವರಿ 19, ಬುಧವಾರ

ಇವತ್ತು ಬಾಲ ಮಾತಾಡಿದ. ದನಿ ಸಣ್ಣದು, ಆದರೂ ಅವನದೇ. ನನ್ನನ್ನು ನೋಡಿ "ಅಕ್ಕಾ, ಕಂಬ ಎಲ್ಲ ನೇರವಾಗಿದೆಯಾ?" ಅಂತ ತಮಿಳಲ್ಲಿ ಕೇಳಿದ. ನೆಟ್ಟಗಿದೆ ಕಣೋ ಅಂದೆ. ಅತ್ತುಬಿಟ್ಟೆ. "ಇವಳ ಕಾಲಾ ಹೋಗಿದ್ದು?" ಅಂತ ಪಾಂಡೀಶ್ವರಿಯನ್ನು ಕೇಳಿದ. ಅವಳು ಅವನ ಬಾಯಿಯ ಮೇಲೆ ಕೈ ಇಟ್ಟಳು. ಆ ಒಂದು ಕ್ಷಣ ಎಲ್ಲ ಮೊದಲಿನ ಹಾಗೆ ಅನ್ನಿಸಿತು.

ಅಪ್ಪ ಅವನ ತಲೆಯ ಹತ್ತಿರ ಕೂತಿದ್ದರು. ಕೂದಲು ನೇವರಿಸುತ್ತ ಹೇಳಿದರು, "ಅವ್ನ್ನ ಬಿಡಲ್ಲ ಮಗಾ. ಜೈಲಿಗೆ ಆಕ್ಸ್ತೀನಿ."

"ಯಾರೆ ಪಾ?" ಅಂದ ಬಾಲ. ಯಾರನ್ನಪ್ಪ ಅಂತ.

"ಆ ಮಾಯಾಂಡೀನ. ನಾನ್ ಏಳಿದ್ದೊಂದು, ಅವ್ನ್ ಮಾಡಿದ್ದೊಂದು."

ನಾನು ಏಳಲು ಹೋದೆ. ಅವ್ವ ನನ್ನ ಸೆರಗು ಹಿಡಿದಳು. ಅಷ್ಟರಲ್ಲಿ ಬಾಲ, ಏನೂ ಗೊತ್ತಿಲ್ಲದ ಮಗುವಿನ ಹಾಗೆ, ಅಪ್ಪನನ್ನು ನೋಡುತ್ತ ಹೇಳಿದ:

"ನೀಂಗ ಇಳುನ್ನು ತಾನೇ ಸೊನ್ನೀಂಗ? ನಾನುಂ ಇಳುತ್ತೇನ್."

ನೀವು ಎಳೆ ಅಂದಿರಲ್ಲಪ್ಪ. ನಾನೂ ಎಳೆದೆ.

ವಾರ್ಡಿನಲ್ಲಿ ಫ್ಯಾನ್ ತಿರುಗುತ್ತಿತ್ತು. ಪಕ್ಕದ ಹಾಸಿಗೆಯವರು ಕಿತ್ತಳೆ ಸುಲಿಯುತ್ತಿದ್ದರು. ನಾನು ಅಪ್ಪನನ್ನು ನೋಡಲಾರದೆ ಆ ಕಿತ್ತಳೆಯನ್ನೇ ನೋಡುತ್ತಿದ್ದೆ. ಇದು ನನಗೂ ಗೊತ್ತಿರಲಿಲ್ಲ. ಹಗ್ಗ ಹಿಡಿದವರಿಗೆ ತಪ್ಪಾಗಿ ಕೇಳಿತು ಅಂದುಕೊಂಡಿದ್ದೆ. ಬಾಲನಿಗೆ ಸರಿಯಾಗಿ ಕೇಳಿ, ಇಳಿಯಲು ಹೊತ್ತು ಸಾಲದೆ ಹೋಯಿತು ಅಂದುಕೊಂಡಿದ್ದೆ. ಅವನು ಇಳಿಯಲು ಹೊರಡಲೇ ಇಲ್ಲ. ಕೈಯಲ್ಲಿದ್ದ ಹಗ್ಗ ಹಿಡಿದು ತೊಲೆಯನ್ನು ತನ್ನ ಕಡೆಗೇ ಎಳೆದುಕೊಂಡ. ಅಪ್ಪ ಹೇಳಿದರು ಅಂತ.

"ಏನಂದೆ?" ಅಂದರು ಅಪ್ಪ.

ಬಾಲ ಮತ್ತೆ ಹೇಳಿದ.

"ಇಳಿ ಅಂದೆ ಮಗಾ. ಇಳ್ದು ಬಾ ಅಂತ. ನಿಂಗೆ."

"ಅಪ್ಪಡಿಯಾ?" ಅಂದ ಬಾಲ. ಹೌದಾ ಅಂತ. ಅಷ್ಟೇ.

"ಇಳಿ ಅಂದ್ರೆ ಗೊತ್ತಿಲ್ವಾ ನಿಂಗೆ?"

"ಗೊತ್ತು ಪಾ," ಅಂದ. ಇದನ್ನು ಕನ್ನಡದಲ್ಲೇ ಹೇಳಿದ. ಅಪ್ಪನ ಜೊತೆ ಅವನು ಕನ್ನಡ ಆಡಿದ್ದು ಯಾವ ಕಾಲದಲ್ಲೋ. "ಗೊತ್ತು. ಕಾತುಲೆ ತಮಿಳಾ ವಿಳುಂದುಚ್ಚು." ಕಿವಿಗೆ ತಮಿಳಾಗಿ ಬಿತ್ತು ಅಂತ.

ಅಪ್ಪ ಕೂದಲು ನೇವರಿಸುವುದನ್ನು ನಿಲ್ಲಿಸಲಿಲ್ಲ. ಬಾಲ ನಿದ್ದೆ ಹೋಗುವವರೆಗೆ ಹಾಗೇ ಕೂತಿದ್ದರು. ಆಮೇಲೆ ಎದ್ದರು, ಟವೆಲ್ ಹೆಗಲಿಗೆ ಹಾಕಿಕೊಂಡರು. ಅವ್ವ "ಎಲ್ಲಿಗೆ?" ಅಂದಳು. ನನ್ನ ಕಡೆ ತಿರುಗಿ, "ನಿಂಗೆ ಮೊದ್ಲೇ ಗೊತ್ತಿತ್ತಾ?" ಅಂತ ಕೇಳಿದರು.

ಹೂಂ ಅಂದೆ.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾಳೆ ಸ್ಟೇಷನ್‌ಗೆ ಕರ್ಕೊಂಡೋಗು" ಅಂದರು. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ನಲ್ಲಿ ಬಿಟ್ಟಿದ್ದರು. ನೀರಿನ ಸದ್ದಿನ ಹಿಂದೆ ಬೇರೆ ಸದ್ದು ಕೇಳುತ್ತಿತ್ತು. ನಾನು, ಅವ್ವ, ಪಾಂಡೀಶ್ವರಿ — ಮೂವರೂ ಕೇಳಿಸಿಕೊಂಡೆವು, ಯಾರೂ ಏಳಲಿಲ್ಲ.

ಫೆಬ್ರವರಿ 20, ಗುರುವಾರ, ಠಾಣೆಯ ವರಾಂಡ

ಕೂತಲ್ಲೇ ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು.

ಬಾಗಿಲು ತೆಗೆದಿದೆ, ಒಳಗಿನದೆಲ್ಲ ಕಾಣುತ್ತದೆ. ಎಸ್‌.ಐ. ಮೇಜಿನ ಎದುರು ಅಪ್ಪ. ಗೋಡೆಯ ಪಕ್ಕದ ಬೆಂಚಿನಲ್ಲಿ ಮಾಯಾಂಡಿಯಣ್ಣ, ಇವತ್ತೂ ಕರೆಸಿದ್ದಾರೆ. ಅಪ್ಪ ಅವರ ಕಡೆ ಇನ್ನೂ ನೋಡಿಲ್ಲ. ಬಸ್ಸಿನಲ್ಲಿ ಕ್ಷಮೆ ಕೇಳಬೇಕಾ ಅಂತ ಒಂದು ಸಲ ಕೇಳಿದರು. ಕೇಳಬೇಕು ಅಂದೆ. "ಎಂಗೆ ಕೇಳ್ಲಿ" ಅಂದರು. ಆಮೇಲೆ ಕಿಟಕಿ ಕಡೆ ತಿರುಗಿದರು.

ತಮಿಳಲ್ಲಿ ಹೇಳುತ್ತಿದ್ದಾರೆ. ಅವರ ತಪ್ಪಿಲ್ಲ ಸಾರ್, ನನ್ನ ಬಾಯಿ ತಪ್ಪು. ಕೇಸು ವಾಪಸ್ ತಗೊಳ್ತೀನಿ. ಎಸ್‌.ಐ. ತಲೆ ಆಡಿಸುತ್ತಿದ್ದಾರೆ. ಕೇಸು ಹಾಗೆಲ್ಲ ವಾಪಸ್ ಆಗಲ್ಲ ಐಯಾ, ಬರೆದುಕೊಳ್ಳಬೇಕು, ಕೋರ್ಟಿಗೆ ಹೇಳಬೇಕು, ಅಂತಿದ್ದಾರೆ. ಇಷ್ಟು ದಿನ ಬೇಕೆಂದೇ ಎಳೆದ ಅಂದಿರಿ, ಇವತ್ತು ಹೀಗಂತೀರಿ. ಯಾರಾದರೂ ಹೆದರಿಸಿದರಾ? ದುಡ್ಡು ಗಿಡ್ಡು?

ಅಪ್ಪ ಇಲ್ಲ ಇಲ್ಲ ಅಂತ ತಲೆ ಆಡಿಸುತ್ತಿದ್ದಾರೆ. ಆ ಎರಡು ಮಾತನ್ನೂ ಹೇಳಿ ತೋರಿಸುತ್ತಿದ್ದಾರೆ. ಮೆಲ್ಲಗೆ ಹೇಳಿದರೆ ಎರಡೂ ಬೇರೆ ಬೇರೆಯೇ ಕೇಳುತ್ತವೆ. ಎಸ್‌.ಐ. ನಂಬುತ್ತಿಲ್ಲ. ನಂಬುವ ಹಾಗೂ ಇಲ್ಲ.

"ಅನ್ನೈಕ್ಕಿ ಎಪ್ಪಡಿ ಸೊನ್ನೀಂಗಳೋ ಅಪ್ಪಡಿಯೇ ಸೊಲ್ಲುಂಗ," ಅಂದರು ಈಗ. ಅವತ್ತು ಹೇಗೆ ಕೂಗಿದಿರೋ ಹಾಗೇ ಕೂಗಿ.

ಅಪ್ಪ ಎದ್ದು ನಿಂತಿದ್ದಾರೆ. ಮೇಜು ಹಿಡಿದುಕೊಂಡಿದ್ದಾರೆ. ಬೇಡ ಅಪ್ಪಾ ಅನ್ನಬೇಕು ಅನ್ನಿಸುತ್ತಿದೆ.

ಕೂಗಿದರು.

ಕಾನ್‌ಸ್ಟೇಬಲ್ ಕೈಯ ಚಹಾ ಚೆಲ್ಲಿತು. ಬೀದಿಯಲ್ಲಿ ಹೋಗುವವರು ನಿಂತರು. ಬಾಲ ಮೇಲೆ ಇರುವ ಹಾಗೇ, ತೊಲೆ ಜಾರುತ್ತಿರುವ ಹಾಗೇ ಕೂಗಿದರು. ನನ್ನ ಕಿವಿಗೆ ಇಳಿ ಅಂತಲೇ ಕೇಳಿತು.

ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಮಾಯಾಂಡಿಯಣ್ಣನ ಎರಡೂ ಕೈ ಮೇಲೆದ್ದವು. ಮುಷ್ಟಿ ಕಟ್ಟಿ, ಒಂದರ ಮೇಲೊಂದು, ಎದೆಯ ಕಡೆಗೆ ಎಳೆದುಕೊಂಡರು. ಹಗ್ಗ ಇಲ್ಲ, ಏನಿಲ್ಲ. ಅವರಿಗೇ ಗೊತ್ತಾಗಲಿಲ್ಲ.

ಎಸ್‌.ಐ. ಪೆನ್ನು ಕೆಳಗಿಟ್ಟರು. ಅಪ್ಪ ಆ ಕೈಗಳನ್ನು ನೋಡುತ್ತಿದ್ದಾರೆ. ಈಗ ಮೇಜು ಬಿಟ್ಟು ಅವರ ಕಡೆಗೆ ನಡೆದು ಹೋಗುತ್ತಿದ್ದಾರೆ. ಅಪ್ಪ ಅವರ ಎರಡೂ ಮುಷ್ಟಿಯನ್ನು ತಮ್ಮ ಕೈಯೊಳಗೆ ಹಿಡಿದುಕೊಂಡರು.